ಟ್ರಾನ್ಸ್‌ಫಾರ್ಮರಿಗೆ ಯಾವ ಎಣ್ಣೆ?

ಹಿಂದೂಪುರದಿಂದ ಕಲ್ಯಾಣದುರ್ಗದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಆಚೆ ನೋಡಿರಿ. ಹಿಪ್ಪುನೇರಳೆ ತೋಟಗಳು, ಹುಣಸೆಮರಗಳು, ಕಡಲೆಕಾಯಿ ಹೊಲಗಳು, ದೂರದಲ್ಲಿ ಕಲ್ಲುಗುಡ್ಡಗಳು ಕಾಣುತ್ತವೆ. ಇವುಗಳ ಮಧ್ಯೆ ಅಲ್ಲಲ್ಲಿ ಕಂಬಗಳ ಮೇಲೆ ಬೂದು ಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ ಕುಳಿತಿರುತ್ತದೆ. ಅದರ ಪಕ್ಕಗಳಲ್ಲಿ ಕೊಳವೆಗಳೋ ರೆಕ್ಕೆಗಳೋ ಇರುತ್ತವೆ. ಅದೇ ಟ್ರಾನ್ಸ್‌ಫಾರ್ಮರ್. ಪುಸ್ತಕಗಳಲ್ಲಿ ಇದಕ್ಕೆ ವಿದ್ಯುತ್ ಪರಿವರ್ತಕ ಎಂಬ ಹೆಸರಿದೆ. ಊರಿನಲ್ಲಿ ಎಲ್ಲರೂ ಕರೆಯುವ ಹೆಸರನ್ನೇ ನಾವು ಇಲ್ಲಿ ಬಳಸೋಣ.

ಆ ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳಿದರೆ 'ಕರೆಂಟು' ಎಂದು ಹೇಳುವ ಮಕ್ಕಳೇ ಹೆಚ್ಚು. ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿಯ ಸುರುಳಿಗಳಿವೆ, ಉಕ್ಕಿನ ತಗಡುಗಳಿವೆ, ತಂತಿಗೆ ಸುತ್ತಿದ ಕಾಗದವಿದೆ. ಇವೆಲ್ಲವೂ ಎಣ್ಣೆಯಲ್ಲಿ ಮುಳುಗಿವೆ. 100 ಕೆವಿಎ ಟ್ರಾನ್ಸ್‌ಫಾರ್ಮರಿನಲ್ಲಿ ನೂರು ಲೀಟರಿಗೂ ಹೆಚ್ಚು ಎಣ್ಣೆ ಇರುತ್ತದೆ. ಅಷ್ಟೊಂದು ಎಣ್ಣೆ ಅಲ್ಲಿ ಏನು ಮಾಡುತ್ತದೆ? ಅದೇ ಎಣ್ಣೆ ಇರಬೇಕೇ, ಬೇರೆ ಯಾವುದಾದರೂ ಆದೀತೇ? ಇದು ಇಂಜಿನಿಯರುಗಳು ಮಾತ್ರ ಯೋಚಿಸಬೇಕಾದ ವಿಷಯ ಎಂದು ನನಗೆ ಅನ್ನಿಸುವುದಿಲ್ಲ. ಟ್ರಾನ್ಸ್‌ಫಾರ್ಮರ್ ಶಾಲೆಯ ಗೋಡೆಯ ಪಕ್ಕದಲ್ಲಿ, ಮನೆಯ ಮುಂದೆ, ಹುಲ್ಲಿನ ಬಣವೆಯ ಹತ್ತಿರ, ಬಾವಿಯ ದಡದಲ್ಲಿ ನಿಂತಿರುವಾಗ ಅದು ನಮ್ಮ ವಿಷಯವೂ ಆಗುತ್ತದೆ.

ದೊಡ್ಡ ತಂತಿಗಳಲ್ಲಿ 11,000 ವೋಲ್ಟ್ ವಿದ್ಯುತ್ ಬರುತ್ತದೆ. ಅದನ್ನು ಹಾಗೆಯೇ ಮೋಟಾರಿಗೆ ಕೊಟ್ಟರೆ ಮೋಟಾರು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸುಮಾರು 400 ವೋಲ್ಟಿಗೆ ಇಳಿಸಿ ಕೊಡುತ್ತದೆ. ಹೀಗೆ ಇಳಿಸುವಾಗ ಸ್ವಲ್ಪ ವಿದ್ಯುತ್ತು ಶಾಖವಾಗಿ ಹೋಗುತ್ತದೆ. ಸ್ವಲ್ಪ ಎಂದೆ, ಆದರೆ ಲೆಕ್ಕ ಹಾಕಿ ನೋಡಿ. 100 ಕೆವಿಎ ಟ್ರಾನ್ಸ್‌ಫಾರ್ಮರ್ ಪೂರ್ತಿ ಕೆಲಸ ಮಾಡುತ್ತಿರುವಾಗ ಅದರೊಳಗೆ ಹೆಚ್ಚುಕಡಿಮೆ 2,000 ವ್ಯಾಟ್ ಶಾಖ ಹುಟ್ಟುತ್ತದೆ. ಎರಡು ಇಸ್ತ್ರಿಪೆಟ್ಟಿಗೆಗಳನ್ನು ಒಂದು ಮುಚ್ಚಿದ ಡಬ್ಬಿಯಲ್ಲಿ ಹಾಕಿ ಹಗಲೂ ರಾತ್ರಿ ಉರಿಸಿದಂತೆ! ಅದರ ಮೇಲೆ ನಮ್ಮ ಸೀಮೆಯ ಏಪ್ರಿಲ್ ಬಿಸಿಲು ಬೇರೆ.

ಈ ಶಾಖವನ್ನು ಹೊರಗೆ ಸಾಗಿಸದಿದ್ದರೆ ತಂತಿಗೆ ಸುತ್ತಿದ ಕಾಗದ ಕಂದಿ, ಒಣಗಿ, ಪುಡಿಯಾಗುತ್ತದೆ. ಇಂಜಿನಿಯರುಗಳ ಒಂದು ಲೆಕ್ಕವಿದೆ. ತಡೆಯಬಲ್ಲ ಬಿಸಿಗಿಂತ ಪ್ರತಿ 6 ಡಿಗ್ರಿ ಹೆಚ್ಚಾದಂತೆ ಕಾಗದದ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಇಪ್ಪತ್ತು ವರ್ಷ ಬಾಳಬೇಕಾದದ್ದು ಹತ್ತಕ್ಕೆ, ಇನ್ನೂ ಬಿಸಿಯಾದರೆ ಐದಕ್ಕೆ ಬರುತ್ತದೆ. ಕಾಗದ ಹೋದ ಮೇಲೆ ತಂತಿಗೆ ತಂತಿ ತಾಗುತ್ತದೆ. ಆಗ 'ಢಮ್' ಎಂಬ ಸದ್ದು ಊರಿಗೆಲ್ಲ ಕೇಳಿಸುತ್ತದೆ.

ಹಾಗಾದರೆ ಶಾಖವನ್ನು ಸಾಗಿಸಲು ನೀರನ್ನೇ ತುಂಬಬಹುದಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಶಾಖ ಹೊರುವುದರಲ್ಲಿ ನೀರಿಗೆ ಸಮನಾದ ದ್ರವಗಳು ಬಹಳ ಕಡಿಮೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದ ಅರ್ಧದಷ್ಟೇ ಒಂದು ಕಿಲೋ ಎಣ್ಣೆಗೆ ಸಾಕು. ಅಂದರೆ ನೀರು ಎಣ್ಣೆಯ ಎರಡರಷ್ಟು ಶಾಖವನ್ನು ಹೊತ್ತೊಯ್ಯಬಲ್ಲದು. ಅದಕ್ಕೇ ಬಸ್ಸು, ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರಿನಲ್ಲಿ ನೀರು ಹಾಕುತ್ತಾರೆ. ನೀರು ಅಗ್ಗ, ಉರಿಯುವುದೂ ಇಲ್ಲ.

ಆದರೆ ನೀರಿಗೆ ಒಂದು ಗುಣವಿದೆ. ಅದು ಯಾರನ್ನೂ ಬೇಡ ಎನ್ನುವುದಿಲ್ಲ. ಉಪ್ಪನ್ನು ಹಾಕಿದರೆ ಕರಗಿಸಿಕೊಳ್ಳುತ್ತದೆ, ಸುಣ್ಣವನ್ನು ಕರಗಿಸಿಕೊಳ್ಳುತ್ತದೆ, ಕಲ್ಲಿನೊಳಗೆ ಹರಿದು ಬರುವಾಗ ಕಲ್ಲಿನ ಲವಣಗಳನ್ನೂ ಕರಗಿಸಿಕೊಂಡೇ ಬರುತ್ತದೆ. ನಮ್ಮ ಬೋರುಗಳ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರು ಕೂರುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಲವಣಗಳೇ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ಪೂರ್ತಿ ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಬಹಳ ಕಡಿಮೆ ಹರಿಯುತ್ತದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆದರೆ ಅದು ಶುದ್ಧವಾಗಿಯೇ ಉಳಿಯಬೇಕಲ್ಲ? ತಂತಿ, ತಗಡು, ಗಾಳಿ ಯಾವುದನ್ನು ಮುಟ್ಟಿದರೂ ಅದರಿಂದ ಏನನ್ನಾದರೂ ತೆಗೆದುಕೊಂಡುಬಿಡುತ್ತದೆ. ದೊಡ್ಡ ವಿದ್ಯುತ್ ಕೇಂದ್ರಗಳ ಕೆಲವು ಜನರೇಟರುಗಳಲ್ಲಿ ಹಾಗೆ ಶುದ್ಧಿ ಮಾಡಿದ ನೀರನ್ನು ಹರಿಸುತ್ತಾರೆ. ಅಲ್ಲಿ ಹಗಲೂ ರಾತ್ರಿ ಅದನ್ನು ಪರೀಕ್ಷಿಸುವವರು ಇರುತ್ತಾರೆ. ಹೊಲದ ನಡುವೆ ಒಂಟಿಯಾಗಿ ನಿಂತ ಪೆಟ್ಟಿಗೆಯನ್ನು ಯಾರು ಪರೀಕ್ಷಿಸುತ್ತಾರೆ? ಸಾಲದೆಂಬಂತೆ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. 100 ಡಿಗ್ರಿಗೆ ಕುದಿದು ಆವಿಯಾಗುತ್ತದೆ.

ಆದ್ದರಿಂದ ಬೇಕಾದದ್ದು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವ ದ್ರವ. ಶಾಖಕ್ಕೆ ದಾರಿ ಬಿಡಬೇಕು, ವಿದ್ಯುತ್ತಿಗೆ ದಾರಿ ಬಿಡಬಾರದು. ವಿದ್ಯುತ್ತಿಗೆ ದಾರಿ ಬಿಡದ ವಸ್ತುವನ್ನು ಅವಾಹಕ ಎನ್ನುತ್ತಾರೆ. ಒಳ್ಳೆಯ ಎಣ್ಣೆ ಎಂಥ ಅವಾಹಕ ಎಂಬುದನ್ನು ಹೀಗೆ ಪರೀಕ್ಷಿಸುತ್ತಾರೆ. ಎಣ್ಣೆಯಲ್ಲಿ ಎರಡು ಲೋಹದ ಗುಂಡುಗಳನ್ನು ಎರಡೂವರೆ ಮಿಲಿಮೀಟರ್ ದೂರದಲ್ಲಿ ಇಟ್ಟು ವೋಲ್ಟನ್ನು ಏರಿಸುತ್ತಾ ಹೋಗುತ್ತಾರೆ. ಎರಡೂವರೆ ಮಿಲಿಮೀಟರ್ ಎಂದರೆ ಒಂದು ತೊಗರಿಕಾಳಿಗಿಂತ ಕಡಿಮೆ ಜಾಗ. 30,000 ವೋಲ್ಟ್ ಬಂದರೂ ಕಿಡಿ ಹಾರದಂತೆ ಹೊಸ ಎಣ್ಣೆ ತಡೆಯಬೇಕು. ಸೋಸಿ, ತೇವ ತೆಗೆದ ಎಣ್ಣೆ ಇದರ ಎರಡರಷ್ಟನ್ನೂ ತಡೆಯುತ್ತದೆ. ಆದರೆ ಹತ್ತು ಲಕ್ಷ ಪಾಲು ಎಣ್ಣೆಯಲ್ಲಿ ಕೆಲವು ಹತ್ತು ಪಾಲು ನೀರು ಸೇರಿದರೆ ಸಾಕು, ಆ ಶಕ್ತಿ ಕುಸಿದುಬಿಡುತ್ತದೆ.

ಎಣ್ಣೆ ಶಾಖವನ್ನು ಸಾಗಿಸುವ ರೀತಿಯನ್ನು ತಿಳಿಯಲು ಅಡುಗೆಮನೆಗೆ ಹೋಗೋಣ. ಮುದ್ದೆಗೆ ಎಸರು ಇಟ್ಟಾಗ ತಳದ ನೀರು ಬಿಸಿಯಾಗಿ ಮೇಲೇಳುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಟ್ರಾನ್ಸ್‌ಫಾರ್ಮರಿನೊಳಗೂ ಹೀಗೆಯೇ. ಸುರುಳಿಗೆ ತಾಗಿದ ಎಣ್ಣೆ ಬಿಸಿಯಾಗಿ ಹಗುರವಾಗಿ ಮೇಲೇರುತ್ತದೆ. ಮೇಲಿನಿಂದ ಪಕ್ಕದ ಕೊಳವೆಗಳೊಳಗೆ ಇಳಿಯುತ್ತದೆ. ಅಲ್ಲಿ ಗಾಳಿ ತಾಗಿ ತಣ್ಣಗಾಗಿ, ಭಾರವಾಗಿ, ತಳಕ್ಕೆ ಬಂದು ಮತ್ತೆ ಸುರುಳಿಯ ಬಳಿ ಸೇರುತ್ತದೆ. ಪಂಪೂ ಬೇಡ, ಫ್ಯಾನೂ ಬೇಡ. ಆ ಕೊಳವೆಗಳು ಅಲಂಕಾರಕ್ಕಲ್ಲ ಎಂಬುದು ಈಗ ಗೊತ್ತಾಯಿತಲ್ಲವೇ?

ಇದು ಹೊಸ ಉಪಾಯವೇನಲ್ಲ. 1891ರಲ್ಲಿ ಜರ್ಮನಿಯ ಲಾಫೆನ್ ಎಂಬ ಊರಿನಿಂದ ಫ್ರಾಂಕ್‌ಫರ್ಟ್ ನಗರಕ್ಕೆ 175 ಕಿಲೋಮೀಟರ್ ದೂರ ವಿದ್ಯುತ್ತನ್ನು ಕಳಿಸಿದಾಗ ಅಲ್ಲಿ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರುಗಳನ್ನೇ ಬಳಸಿದ್ದರು. ಅಂದಿನಿಂದ ಇಂದಿನವರೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಖನಿಜ ತೈಲ. ಪೆಟ್ರೋಲು, ಸೀಮೆಎಣ್ಣೆ ಸಿಗುವ ಕಚ್ಚಾ ತೈಲದಿಂದಲೇ ಇದನ್ನೂ ತೆಗೆಯುತ್ತಾರೆ. ಇದು ಚೆನ್ನಾಗಿ ಹರಿಯುತ್ತದೆ, ಬೆಲೆ ಹೆಚ್ಚಲ್ಲ, ಬೇಗ ಕೆಡುವುದೂ ಇಲ್ಲ. ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ದುಡಿದಿದೆ. ಅದನ್ನು ಹಗುರವಾಗಿ ದೂರಬಾರದು.

ಅದರ ದೋಷಗಳನ್ನೂ ಹೇಳಬೇಕು. ಮೊದಲನೆಯದು ಬೆಂಕಿ. ಸುಮಾರು 170 ಡಿಗ್ರಿ ಬಿಸಿಯಾದರೆ ಅದು ಬೆಂಕಿ ಹಿಡಿದು ಉರಿಯಬಲ್ಲದು. ಒಳಗೆ ಕಿಡಿ ಹಾರಿದಾಗ ಅಷ್ಟು ಬಿಸಿ ಹುಟ್ಟುವುದು ಕಷ್ಟವಲ್ಲ. ಉರಿಯುವ ಎಣ್ಣೆ ಕೆಳಗೆ ಸುರಿದು, ಅಲ್ಲಿ ಒಣಹುಲ್ಲಿದ್ದರೆ ಏನಾದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಬೆಂಕಿಗೆ ನೀರು ಸುರಿಯಬಾರದು. ಎಣ್ಣೆ ನೀರಿನ ಮೇಲೆ ತೇಲುತ್ತಾ ಇನ್ನಷ್ಟು ದೂರ ಹರಡುತ್ತದೆ, ನೀರಿನ ಮೂಲಕ ವಿದ್ಯುತ್ತೂ ಬರಬಹುದು. ಮಕ್ಕಳಾದ ನೀವು ಮಾಡಬೇಕಾದದ್ದು ದೂರ ಓಡಿ ಹಿರಿಯರಿಗೆ ತಿಳಿಸುವುದು, ಅಷ್ಟೇ.

ಎರಡನೆಯದು ಸೋರುವಿಕೆ. ಹಳೆಯ ಟ್ರಾನ್ಸ್‌ಫಾರ್ಮರಿನ ಕೆಳಗೆ ನೆಲ ಕಪ್ಪಾಗಿ ಜಿಡ್ಡಾಗಿರುವುದನ್ನು ನೋಡಿರಬಹುದು. ಅಲ್ಲಿ ಗರಿಕೆಯೂ ಸರಿಯಾಗಿ ಚಿಗುರುವುದಿಲ್ಲ. ಖನಿಜ ತೈಲವನ್ನು ಮಣ್ಣಿನ ಸೂಕ್ಷ್ಮ ಜೀವಿಗಳು ಬಹಳ ನಿಧಾನವಾಗಿ ಕರಗಿಸುತ್ತವೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಇಲ್ಲಿ ಒಂದು ಬಾವಿಯ ನೀರು ಕೆಟ್ಟರೆ ಇನ್ನೊಂದನ್ನು ಹುಡುಕುವುದು ಸುಲಭವಲ್ಲ.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಶಾಲೆ, ಮನೆ, ಬಣವೆ, ಬಾವಿ, ಕೆರೆ ಇವುಗಳ ಹತ್ತಿರ ಇಡುವ ಹೊಸ ಟ್ರಾನ್ಸ್‌ಫಾರ್ಮರುಗಳಿಗೆ ಖನಿಜ ತೈಲದ ಬದಲು ಬೀಜಗಳಿಂದ ತೆಗೆದ ಎಣ್ಣೆಯನ್ನು ತುಂಬಬೇಕು. ಇದು ಕನಸಿನ ಮಾತಲ್ಲ. ಸೋಯಾ ಮುಂತಾದ ಬೀಜಗಳ ಎಣ್ಣೆಯನ್ನು ಶುದ್ಧಿ ಮಾಡಿ ಟ್ರಾನ್ಸ್‌ಫಾರ್ಮರಿಗೆ ಹೊಂದಿಸುವ ಕೆಲಸ ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆಯಿತು. ಈಗ ಅನೇಕ ದೇಶಗಳಲ್ಲಿ ಅದು ಬಳಕೆಯಲ್ಲಿದೆ. ನಮ್ಮ ದೇಶದ ಮಾನಕ ಸಂಸ್ಥೆಯೂ ಅದರ ಗುಣ ಹೇಗಿರಬೇಕೆಂದು ನಿಯಮ ಮಾಡಿದೆ. ಆ ಎಣ್ಣೆ ಬೆಂಕಿ ಹಿಡಿದು ಉರಿಯಬೇಕಾದರೆ 300 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಸೋರಿದರೆ ಮಣ್ಣಿನ ಸೂಕ್ಷ್ಮ ಜೀವಿಗಳಿಗೆ ಅದು ಆಹಾರ. ಇನ್ನೊಂದು ಲಾಭವೂ ಇದೆ. ಬೀಜದ ಎಣ್ಣೆ ಕಾಗದದಲ್ಲಿರುವ ತೇವವನ್ನು ತಾನು ಎಳೆದುಕೊಳ್ಳುತ್ತದೆ. ಕಾಗದ ಒಣಗಿದ್ದಷ್ಟೂ ಹೆಚ್ಚು ದಿನ ಬಾಳುತ್ತದೆ.

'ಹಾಗಿದ್ದರೆ ನಮ್ಮ ಗಾಣದ ಕಡಲೆಕಾಯಿ ಎಣ್ಣೆಯನ್ನೇ ಸುರಿಯಬಹುದಲ್ಲ!' ಎಂದು ಯಾರಾದರೂ ಹೇಳಬಹುದು. ಹಾಗೆ ಸುರಿಯಲಾಗದು. ಗಾಣದ ಎಣ್ಣೆಯಲ್ಲಿ ತೇವ, ಹುಳಿ ಅಂಶ, ಕಸರು ಇರುತ್ತವೆ. ಡಬ್ಬಿಯಲ್ಲಿ ಉಳಿದ ಎಣ್ಣೆ ಕೆಲವು ತಿಂಗಳಿಗೆ ಸಿಕ್ಕು ವಾಸನೆ ಬರುತ್ತದಲ್ಲ, ಅದು ಗಾಳಿಯೊಡನೆ ಸೇರಿ ಕೆಟ್ಟದ್ದರ ಗುರುತು. ನೂರು ವರ್ಷಗಳ ಹಿಂದೆ ಬೀಜದ ಎಣ್ಣೆಗಳನ್ನು ಕೈಬಿಟ್ಟದ್ದಕ್ಕೆ ಇದೂ ಒಂದು ಕಾರಣ. ಈಗ ಎಣ್ಣೆಯನ್ನು ಚೆನ್ನಾಗಿ ಶುದ್ಧಿ ಮಾಡಿ, ಕೆಡದಂತೆ ಔಷಧ ಸೇರಿಸಿ, ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬುತ್ತಾರೆ. ಬೀಜದ ಎಣ್ಣೆ ಖನಿಜ ತೈಲಕ್ಕಿಂತ ಸುಮಾರು ಮೂರರಷ್ಟು ಮಂದ. ಮಂದವಾದದ್ದು ನಿಧಾನವಾಗಿ ಹರಿಯುತ್ತದೆ. ಆದ್ದರಿಂದ ಕೊಳವೆಗಳನ್ನೂ ಅದಕ್ಕೆ ತಕ್ಕಂತೆ ಮಾಡಬೇಕು.

ಬೆಲೆ ಹೆಚ್ಚು ಎಂಬುದು ದೊಡ್ಡ ಆಕ್ಷೇಪ. ನಿಜ, ಬೀಜದ ಎಣ್ಣೆ ಖನಿಜ ತೈಲಕ್ಕಿಂತ ದುಬಾರಿ. ಅದಕ್ಕಾಗಿಯೇ ನಾನು ಎಲ್ಲ ಟ್ರಾನ್ಸ್‌ಫಾರ್ಮರುಗಳಿಗೂ ಬೇಕೆಂದು ಹೇಳಲಿಲ್ಲ. ಬಯಲಿನಲ್ಲಿ ದೂರ ನಿಂತದ್ದಕ್ಕೆ ಖನಿಜ ತೈಲವೇ ಇರಲಿ. ಆದರೆ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟುಹೋದಾಗ ಆಗುವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಂದೂಪುರದ ಸುತ್ತ ರೇಷ್ಮೆ ಸಾಕುವ ಮನೆಗಳು ಬಹಳ. ಹುಳು ಗೂಡು ಕಟ್ಟುವ ಮುಂಚಿನ ವಾರದಲ್ಲೇ ಅತಿ ಹೆಚ್ಚು ಸೊಪ್ಪು ತಿನ್ನುತ್ತದೆ. ಬೇಸಿಗೆಯಲ್ಲಿ ಬೋರು ನಿಂತು ಸೊಪ್ಪು ಬಾಡಿದರೆ ಆ ಬೆಳೆಯೇ ಹೋಯಿತು. ಕಲ್ಯಾಣದುರ್ಗದ ಕಡೆ ಬೋರು ನೆಚ್ಚಿಕೊಂಡು ಗಿಡ ಬೆಳೆಸಿದವರ ಪಾಡೂ ಅದೇ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಟ್ರ್ಯಾಕ್ಟರಿಗೆ ಹೇರಿ ರಿಪೇರಿಗೆ ಒಯ್ದು, ಮರಳಿ ತಂದು ಕಂಬಕ್ಕೆ ಏರಿಸುವವರೆಗೆ ಹೊಲ ಕಾಯುವುದಿಲ್ಲ.

ಎಣ್ಣೆಯನ್ನೇ ಬಿಟ್ಟು, ಅಂಟಿನಿಂದ ಸುರುಳಿಯನ್ನು ಮುಚ್ಚಿದ ಒಣ ಟ್ರಾನ್ಸ್‌ಫಾರ್ಮರುಗಳೂ ಇವೆ. ದೊಡ್ಡ ಕಟ್ಟಡಗಳ ಒಳಗೆ ಅವು ಸರಿ. ನಮ್ಮ ಹೊಲದ ಧೂಳು, ಮಳೆ, ಬಿಸಿಲಿಗೆ ಅಲ್ಲ.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಬೀಜದ ಎಣ್ಣೆ ಬಂದರೂ ಅದು ಪವಾಡ ಮಾಡುವುದಿಲ್ಲ. 25 ಕೆವಿಎ ಟ್ರಾನ್ಸ್‌ಫಾರ್ಮರ್ 5 ಎಚ್.ಪಿ.ಯ ಐದು ಮೋಟಾರುಗಳನ್ನು ಹೊರಬಲ್ಲದು. ನೀರು ಆಳಕ್ಕೆ ಹೋದಂತೆ ನಮ್ಮವರು ಏಳೂವರೆ, ಹತ್ತು ಎಚ್.ಪಿ. ಮೋಟಾರುಗಳನ್ನು ಇಳಿಸುತ್ತಿದ್ದಾರೆ. ಆಗ ಎರಡು ಮೂರು ಮೋಟಾರಿಗೇ ಅದರ ಶಕ್ತಿ ಮುಗಿಯುತ್ತದೆ. ಆದರೂ ಕರೆಂಟು ಬಂದ ಕೂಡಲೇ ಏಳೆಂಟು ಮೋಟಾರುಗಳು ಒಟ್ಟಿಗೆ ಶುರುವಾದರೆ ಯಾವ ಎಣ್ಣೆ ತಾನೇ ಕಾಪಾಡೀತು? ಸರದಿಯ ಮೇಲೆ ನೀರು ಬಿಟ್ಟುಕೊಳ್ಳುವ ಊರುಗಳಲ್ಲಿ ಟ್ರಾನ್ಸ್‌ಫಾರ್ಮರಿನ ಮೇಲೆ ಅಷ್ಟು ಭಾರ ಬೀಳುವುದಿಲ್ಲ. ಎಣ್ಣೆಯನ್ನು ರಾತ್ರಿ ಕದ್ದು ಮಾರುವವರಂತೂ ಊರಿಗೇ ದ್ರೋಹ ಮಾಡುತ್ತಾರೆ. ಎಣ್ಣೆ ಇಳಿದ ಪೆಟ್ಟಿಗೆಯಲ್ಲಿ ಸುರುಳಿಯ ಮೇಲ್ಭಾಗ ಬರಿದಾಗಿ, ಅದು ಸುಡುವುದು ಖಂಡಿತ.

ಹೊಸ ದ್ರವ ಎಂದರೆ ಕಣ್ಣುಮುಚ್ಚಿ ಒಪ್ಪಬೇಕು ಎಂದೂ ನಾನು ಹೇಳುತ್ತಿಲ್ಲ. ಈ ಮಾತಿಗೆ ಒಂದು ಕಹಿ ಕಥೆಯ ಆಧಾರವಿದೆ. 1929ರಿಂದ ಪಿಸಿಬಿ ಎಂಬ ದ್ರವವನ್ನು ಕಾರ್ಖಾನೆಗಳಲ್ಲಿ ತಯಾರಿಸತೊಡಗಿದರು. ಅದು ಸುಲಭವಾಗಿ ಉರಿಯದು, ಕೆಡದು, ವಿದ್ಯುತ್ತನ್ನು ಬಿಡದು. ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡು ಲೋಕವೆಲ್ಲ ಅದನ್ನು ಟ್ರಾನ್ಸ್‌ಫಾರ್ಮರುಗಳಿಗೆ ತುಂಬಿತು, ಶಾಖ ಸಾಗಿಸುವ ಕೊಳವೆಗಳಲ್ಲಿ ಹರಿಸಿತು. 1968ರಲ್ಲಿ ಜಪಾನಿನ ಒಂದು ಕಾರ್ಖಾನೆಯಲ್ಲಿ ಅಕ್ಕಿ ತೌಡಿನ ಎಣ್ಣೆಯನ್ನು ಬಿಸಿ ಮಾಡುವ ಕೊಳವೆ ಸೋರಿ, ಅದರೊಳಗಿದ್ದ ಪಿಸಿಬಿ ಅಡುಗೆ ಎಣ್ಣೆಗೆ ಸೇರಿಹೋಯಿತು. ಅದನ್ನು ತಿಂದ ಸಾವಿರಾರು ಜನರ ಮೈಯೆಲ್ಲ ಗುಳ್ಳೆಗಳೆದ್ದವು, ಕೈಕಾಲು ಸೋತವು. ಕಾಯಿಲೆ ಬಹಳ ವರ್ಷ ಬಿಡಲಿಲ್ಲ. ಜಪಾನಿನವರು ಅದನ್ನು 'ಯೂಷೋ' ಎಂದು ಕರೆದರು. ಎಣ್ಣೆಯ ಕಾಯಿಲೆ ಎಂದು ಅದರ ಅರ್ಥ. ಪಿಸಿಬಿ ಕೆಡುವುದಿಲ್ಲ ಎಂಬ ಗುಣವೇ ಶಾಪವಾಯಿತು. ಮಣ್ಣಿನಲ್ಲೂ ಕೆಡದೆ, ಮೀನಿನಲ್ಲೂ ಕೆಡದೆ, ಮನುಷ್ಯರ ಮೈಯಲ್ಲೂ ಕೆಡದೆ ಉಳಿಯಿತು. ಅದನ್ನು ತೊಲಗಿಸಲು 2001ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು. 2006ರಲ್ಲಿ ಭಾರತವೂ ಅದಕ್ಕೆ ಸೇರಿತು. ಯಂತ್ರಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಲು ಇಟ್ಟುಕೊಂಡ ಗಡುವು 2025. ಟ್ರಾನ್ಸ್‌ಫಾರ್ಮರಿನ ಎಣ್ಣೆಯನ್ನು ಮಂಡಿನೋವಿಗೆ ಹಚ್ಚಿದರೆ ಒಳ್ಳೆಯದೆಂದು ಯಾರಾದರೂ ಹೇಳಿದರೆ ಅವರಿಗೆ ಈ ಕಥೆಯನ್ನು ಹೇಳಿರಿ.

ಆದ್ದರಿಂದ ಬೀಜದ ಎಣ್ಣೆಯನ್ನೂ ಪರೀಕ್ಷಿಸಿಯೇ ತುಂಬಬೇಕು. ಪರೀಕ್ಷೆಗೆ ನಾವು ದೂರ ಹೋಗಬೇಕಾಗಿಲ್ಲ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ. ಹಿಂದೂಪುರದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲುಪಬಹುದು. ಟ್ರಾನ್ಸ್‌ಫಾರ್ಮರುಗಳನ್ನೂ ಅವುಗಳ ಎಣ್ಣೆಯನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಅದೇ ಬೆಂಗಳೂರಿನಲ್ಲಿ ಸಾವಿರಾರು ಕಂಪ್ಯೂಟರುಗಳನ್ನು ಒಂದೆಡೆ ಇಟ್ಟ ಕಟ್ಟಡಗಳಿವೆ. ಅಂಥ ಕಂಪ್ಯೂಟರುಗಳನ್ನು ಅವಾಹಕ ದ್ರವದಲ್ಲಿ ಮುಳುಗಿಸಿ ತಂಪಾಗಿಡುವ ಪ್ರಯತ್ನ ಈಗ ಲೋಕದ ಹಲವು ಕಡೆ ನಡೆದಿದೆ. 1985ರಲ್ಲೇ ಅಮೆರಿಕದ ಕ್ರೇ-2 ಎಂಬ ಕಂಪ್ಯೂಟರ್ ಹಾಗೆ ದ್ರವದಲ್ಲಿ ಮುಳುಗಿಕೊಂಡೇ ಲೆಕ್ಕ ಮಾಡುತ್ತಿತ್ತು! ನಮ್ಮ ಹೊಲದ ಪೆಟ್ಟಿಗೆ ಅದಕ್ಕಿಂತ ಹೆಚ್ಚುಕಡಿಮೆ ನೂರು ವರ್ಷ ಹಿರಿಯ ಎಂದು ಹೆಮ್ಮೆ ಪಡಬಹುದು.

ಈಗ ನಮ್ಮ ಸೀಮೆಯ ಬೀಜಗಳ ವಿಷಯ. ಕಡಲೆಕಾಯಿ ಎಣ್ಣೆ ತಿನ್ನುವ ಎಣ್ಣೆ. ಅದು ಅಡುಗೆಮನೆಗೇ ಇರಲಿ. ಹೊಂಗೆಯ ಎಣ್ಣೆಯನ್ನು ಯಾರೂ ತಿನ್ನುವುದಿಲ್ಲ. ಹೊಂಗೆಮರ ಬದುವಿನಲ್ಲಿ, ದಾರಿಯ ಬದಿಯಲ್ಲಿ, ಕೆರೆಯ ಏರಿಯ ಮೇಲೆ ನೀರು ಕೇಳದೆ ಬೆಳೆಯುತ್ತದೆ. ಹಿಂದೆ ಅದರ ಎಣ್ಣೆಯಿಂದ ದೀಪ ಉರಿಸುತ್ತಿದ್ದರು. ಹೊಂಗೆ ಎಣ್ಣೆಯನ್ನು ಶುದ್ಧಿ ಮಾಡಿ ಟ್ರಾನ್ಸ್‌ಫಾರ್ಮರಿಗೆ ಹೊಂದಿಸಬಹುದೇ ಎಂದು ನಮ್ಮ ದೇಶದ ಸಂಶೋಧಕರು ಪ್ರಯೋಗಗಳನ್ನು ಮಾಡಿದ್ದಾರೆ. ಆ ಕೆಲಸಕ್ಕೆ ಸರ್ಕಾರ ಹಣ ಕೊಡಬೇಕು, ಮೊದಲ ಪ್ರಯೋಗದ ಟ್ರಾನ್ಸ್‌ಫಾರ್ಮರುಗಳನ್ನು ಬಿಸಿಲು ಹೆಚ್ಚಾಗಿರುವ ನಮ್ಮ ಕಲ್ಯಾಣದುರ್ಗ, ಹಿಂದೂಪುರಗಳ ಶಾಲೆಗಳ ಹತ್ತಿರವೇ ನಿಲ್ಲಿಸಬೇಕು ಎಂದು ಗ್ರಾಮಸಭೆಯಲ್ಲಿ ಕೇಳುವುದರಲ್ಲಿ ತಪ್ಪೇನಿದೆ? ಈಗ ಹೊಂಗೆಯ ಕಾಯಿಗಳು ಮರದ ಕೆಳಗೆ ಉದುರಿ, ಆರಿಸುವವರಿಲ್ಲದೆ ಎಷ್ಟೋ ಕಡೆ ಮಣ್ಣುಪಾಲಾಗುತ್ತಿವೆ.